ಸ್ಟಿಲ್ ಲೈಫ್ ಸ್ಟೈಲಿಸ್ಟ್ ಆಗಬೇಕು ಅನ್ನುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕೆಲಸದ ಬಗ್ಗೆ ಮಾತಿನಲ್ಲಿ, ಮೆಸೇಜ್‌ಗಳಲ್ಲಿ, ಶೂಟ್ ನಡುವಿನ ಬಿಡುವಿನಲ್ಲಿ ಜನ ನನ್ನನ್ನು ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿನವು ಹೊಸಬರಿಗೆ, ಕೊನೆಯವು ಈಗಾಗಲೇ ಕೆಲಸ ಮಾಡುತ್ತಿರುವವರಿಗೆ. ನಿಮಗೆ ಬೇಕಾದ ಕಡೆಗೆ ನೇರವಾಗಿ ಹೋಗಿ.

## ಶುರು ಮಾಡುವ ಮುಂಚೆ

ಸ್ಟಿಲ್ ಲೈಫ್ ಸ್ಟೈಲಿಸ್ಟ್ ಅಂದ್ರೆ ನಿಜವಾಗಿ ಏನು ಮಾಡ್ತಾರೆ? ಸಾಮಾನನ್ನ ಫೋಟೋಗ್ರಾಫರೇ ಜೋಡಿಸಿಕೊಳ್ಳಲ್ವಾ?

ಚಿತ್ರದಲ್ಲಿ ಜನ ಇಲ್ಲ, ವಸ್ತುಗಳು ಮಾತ್ರ ಇವೆ ಅಂದುಕೊಳ್ಳಿ. ಒಂದು ಸೆಂಟ್ ಬಾಟಲಿ, ಒಂದು ವಾಚು, ಒಂದು ಜೊತೆ ಚಪ್ಪಲಿ. ಅದರ ಕೆಳಗೆ ಯಾವ ಕಲ್ಲು, ಹಿಂದೆ ಯಾವ ಬಣ್ಣ, ಪಕ್ಕದಲ್ಲಿ ಏನಿರಬೇಕು, ಏನಿರಬಾರದು, ಬಾಟಲಿ ಎಷ್ಟು ತಿರುಗಿರಬೇಕು, ಇದೆಲ್ಲ ನಮ್ಮ ಕೆಲಸ. ಬೆಳಕು ಮತ್ತು ಕ್ಯಾಮೆರಾ ಫೋಟೋಗ್ರಾಫರ್‌ದು. ಚಿಕ್ಕ ಕೆಲಸಗಳಲ್ಲಿ ಎರಡನ್ನೂ ಒಬ್ಬರೇ ಮಾಡುವುದುಂಟು. ಕೆಲಸ ದೊಡ್ಡದಾದ ಹಾಗೆ ಒಬ್ಬರ ಗಮನ ಎರಡು ಕಡೆ ಇರಲು ಆಗುವುದಿಲ್ಲ, ಆಗ ಸ್ಟೈಲಿಸ್ಟ್ ಬೇಕಾಗುತ್ತಾರೆ.

ಹೊರಗಿನವರಿಗೆ ಕಾಣದ ಭಾಗ ಇನ್ನೊಂದಿದೆ. ಸಾಮಾನು ಹುಡುಕುವುದು, ಬಾಡಿಗೆಗೆ ತರುವುದು, ತೊಳೆಯುವುದು, ಇಸ್ತ್ರಿ ಮಾಡುವುದು, ಬೆಲೆ ಚೀಟಿಯ ಅಂಟು ತೆಗೆಯುವುದು, ಶೂಟ್ ಮುಗಿದ ಮೇಲೆ ಎಲ್ಲವನ್ನೂ ಪ್ಯಾಕ್ ಮಾಡಿ ವಾಪಸ್ ಕೊಡುವುದು. ಕ್ಯಾಮೆರಾ ಮುಂದೆ ನಿಲ್ಲುವ ಸಮಯಕ್ಕಿಂತ ಈ ಓಡಾಟಕ್ಕೇ ಜಾಸ್ತಿ ಸಮಯ ಹೋಗುತ್ತದೆ. ಈ ಭಾಗ ನಿಮಗೆ ಇಷ್ಟ ಆಗುತ್ತಾ ಅಂತ ಮೊದಲೇ ನೋಡಿಕೊಳ್ಳಿ.

ಪ್ರಾಪ್ ಸ್ಟೈಲಿಸ್ಟ್, ಫುಡ್ ಸ್ಟೈಲಿಸ್ಟ್, ಸೆಟ್ ಡಿಸೈನರ್ ಎಲ್ಲಾ ಒಂದೇನಾ?

ಒಂದೇ ಅಲ್ಲ, ಆದರೆ ಗಡಿ ತೆಳು. ಫುಡ್ ಸ್ಟೈಲಿಸ್ಟ್ ತಿನ್ನುವ ವಸ್ತುವನ್ನು ತಯಾರು ಮಾಡುತ್ತಾರೆ, ಅದು ಬೇರೆಯೇ ವಿದ್ಯೆ. ಪ್ರಾಪ್ ಸ್ಟೈಲಿಸ್ಟ್ ಅದರ ಸುತ್ತ ಇರುವ ತಟ್ಟೆ, ಬಟ್ಟೆ, ಚಮಚ ಆಯುತ್ತಾರೆ. ಸೆಟ್ ಡಿಸೈನರ್ ಗೋಡೆ, ವೇದಿಕೆ, ಮೆಟ್ಟಿಲುಗಳನ್ನು ಕಟ್ಟಿಸುತ್ತಾರೆ. ಸ್ಟಿಲ್ ಲೈಫ್ ಸ್ಟೈಲಿಸ್ಟ್‌ಗೆ ಪ್ರಾಪ್ ಕೆಲಸ ಪೂರ್ತಿ ಬರಬೇಕು, ಸೆಟ್ ಕೆಲಸ ಸ್ವಲ್ಪ ಬರಬೇಕು. ಕೆಲಸ ಒಪ್ಪಿಕೊಳ್ಳುವಾಗ ಇದರಲ್ಲಿ ಯಾವುದು ನಿಮ್ಮದು ಅಂತ ಬಾಯಿಬಿಟ್ಟು ಕೇಳಿ.

ಇದಕ್ಕೆ ಡಿಗ್ರಿ ಬೇಕೇ ಬೇಕಾ?

ಬೇಡ. ಸರ್ಟಿಫಿಕೇಟ್ ನೋಡಿ ಕೆಲಸ ಕೊಟ್ಟವರನ್ನು ನಾನು ಕಂಡಿಲ್ಲ, ಎಲ್ಲರೂ ಚಿತ್ರ ನೋಡಿಯೇ ಕೊಡುತ್ತಾರೆ. ಗ್ರಾಫಿಕ್ ಡಿಸೈನ್, ಅಂಗಡಿ ಕಿಟಕಿಯ ಅಲಂಕಾರ, ಇಂಟೀರಿಯರ್, ಟೈಲರಿಂಗ್, ಮರಗೆಲಸ, ಹೂವಿನ ಕೆಲಸ, ಹೀಗೆ ಎಲ್ಲಾ ಕಡೆಯಿಂದಲೂ ಜನ ಈ ಕೆಲಸಕ್ಕೆ ಬಂದಿದ್ದಾರೆ. ಕೈಕೆಲಸ ಗೊತ್ತಿರುವವರಿಗೆ ಒಂದು ಹೆಜ್ಜೆ ಮುಂದೆ ಇದ್ದ ಹಾಗೆ. ಬಟ್ಟೆ ಹೇಗೆ ಮಡಚಿಕೊಳ್ಳುತ್ತದೆ, ಬಣ್ಣ ಹೇಗೆ ಒಣಗುತ್ತದೆ ಅನ್ನುವುದು ಅವರ ಬೆರಳಿಗೆ ಗೊತ್ತಿರುತ್ತದೆ.

ನಂಗೆ ಚಿತ್ರ ಬಿಡಿಸೋಕೆ ಬರಲ್ಲ. ಆದ್ರೂ ನಡೆಯುತ್ತಾ?

ನಡೆಯುತ್ತದೆ. ಚೌಕ ಎಳೆದು ಅದರೊಳಗೆ ಯಾವುದು ಎಲ್ಲಿ ಅಂತ ಗುಂಡಗೆ, ಉದ್ದಕ್ಕೆ ಗೀಚಿ ತೋರಿಸುವಷ್ಟು ಬಂದರೆ ಸಾಕು.

ಮನೆಯಲ್ಲೇ ಅಭ್ಯಾಸ ಮಾಡೋದು ಹೇಗೆ? ನನ್ನ ಹತ್ರ ಒಳ್ಳೆ ಕ್ಯಾಮೆರಾ ಇಲ್ಲ.

ಫೋನ್ ಸಾಕು. ಆದರೆ ಅದನ್ನು ಅಲುಗಾಡದ ಹಾಗೆ ಒಂದು ಕಡೆ ನಿಲ್ಲಿಸಿ, ಇದು ಮುಖ್ಯ. ಒಂದು ಕಿಟಕಿ, ಒಂದು ಮೇಜು, ಒಂದು ಬಿಳಿ ರಟ್ಟು, ಒಂದು ಕಪ್ಪು ರಟ್ಟು, ಮನೆಯಲ್ಲಿರುವ ಮೂರು ವಸ್ತು. ಬೆಳಕು ಒಂದೇ ಪಕ್ಕದಿಂದ ಬರಲಿ. ಈಗ ಒಂದು ವಸ್ತುವನ್ನು ಮಾತ್ರ ಒಂದು ಬೆರಳಷ್ಟು ಸರಿಸಿ, ಫೋಟೋ ತೆಗೆಯಿರಿ. ಮತ್ತೆ ಸರಿಸಿ, ತೆಗೆಯಿರಿ. ಕೊನೆಗೆ ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿದರೆ ಯಾವ ಚಿತ್ರದಲ್ಲಿ ವಸ್ತುಗಳು ಒಂದಕ್ಕೊಂದು ಹೊಂದಿಕೊಂಡವು, ಯಾವುದರಲ್ಲಿ ಬಿಡಿ ಬಿಡಿಯಾಗಿ ನಿಂತವು ಅಂತ ನಿಮಗೇ ಕಾಣುತ್ತದೆ.

ಹೊಸ ವಸ್ತು ತರುವ ಆಸೆ ಆಗುತ್ತದೆ. ಸ್ವಲ್ಪ ತಡೆದುಕೊಳ್ಳಿ. ಇಟಲಿಯ ಚಿತ್ರಕಾರ ಜಾರ್ಜೊ ಮೊರಾಂಡಿ (1890–1964) ತನ್ನ ಕೋಣೆಯಲ್ಲಿದ್ದ ಅವೇ ಬಾಟಲಿ, ಹೂಜಿ, ಡಬ್ಬಿಗಳನ್ನು ದಶಕಗಳ ಕಾಲ ಜಾಗ ಬದಲಿಸಿ ಬದಲಿಸಿ ಬರೆದ. ಸ್ಪೇನಿನ ಸಾಂಚೆಸ್ ಕೋತಾನ್ 1600ರ ಸುಮಾರಿನಲ್ಲಿ ಬರೆದ ಚಿತ್ರಗಳಲ್ಲಿ ಕೆಲವು ತರಕಾರಿ, ಕೆಲವು ಹಣ್ಣು, ಕಪ್ಪು ಹಿನ್ನೆಲೆ, ಅಷ್ಟೇ ಇರುವುದು. ಅವನು ಎಲೆಕೋಸನ್ನು ದಾರ ಕಟ್ಟಿ ಮೇಲಿಂದ ತೂಗುಬಿಟ್ಟ. ಇವತ್ತಿಗೂ ಅದನ್ನು ನೋಡಿದರೆ ಸೆಟ್ ಹೇಗೆ ಕಟ್ಟಬೇಕು ಅನ್ನುವ ಪಾಠ ಅದರಲ್ಲೇ ಇದೆ ಅನಿಸುತ್ತದೆ. ಇಂಥ ಒಂದು ಚಿತ್ರ ತೆಗೆದುಕೊಂಡು ನಿಮ್ಮ ಮೇಜಿನ ಮೇಲೆ ಮತ್ತೆ ಕಟ್ಟಿ ನೋಡಿ. ಬೆಳಕು ಎಲ್ಲಿಂದ ಬರುತ್ತಿದೆ ಅಂತ ನೆರಳು ನೋಡಿ ಕಂಡುಹಿಡಿಯಬೇಕಾಗುತ್ತದೆ. ಅದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

## ಮೇಜಿನ ಮೇಲಿನ ಕೆಲಸ

ಕಿಟ್‌ನಲ್ಲಿ ಏನೇನು ಇಟ್ಟುಕೊಳ್ಳಬೇಕು?

ಎಲ್ಲವನ್ನೂ ಒಂದೇ ಸಲ ಕೊಳ್ಳಬೇಡಿ. ಮೊದಲ ದಿನದಿಂದಲೇ ಬೇಕಾಗುವವು: ಉದ್ದ ಚಿಮುಟ, ಹತ್ತಿಕಡ್ಡಿ, ನೂಲು ಬಿಡದ ಬಟ್ಟೆ, ಕೈಗವಸು, ಮೆತ್ತನೆಯ ಬ್ರಷ್, ಗಾಳಿ ಊದುವ ರಬ್ಬರ್ ಬ್ಲೋವರ್, ಚೂಪಾದ ಕಟರ್, ಡಬಲ್ ಟೇಪ್, ಸ್ಪಿರಿಟ್, ಮೀನುಗಾಳದ ದಾರ, ಗುಂಡುಸೂಜಿ, ಮ್ಯೂಸಿಯಂ ವ್ಯಾಕ್ಸ್. ಈ ಕೊನೆಯದು ಮ್ಯೂಸಿಯಂಗಳಲ್ಲಿ ವಸ್ತುಗಳು ಅಲುಗಾಡದಿರಲು ಬಳಸುವ ಮೇಣ. ಉಂಗುರವನ್ನು ನೆಟ್ಟಗೆ ನಿಲ್ಲಿಸಲು ಕಡ್ಲೆಕಾಳಿಗಿಂತ ಕಡಿಮೆ ಮೇಣ ಸಾಕು, ತೆಗೆದ ಮೇಲೆ ಒರೆಸಿದರೆ ಹೋಗುತ್ತದೆ. ಆಮೇಲೆ ಕೈಯಲ್ಲಿ ಹಿಡಿಯುವ ಸ್ಟೀಮರ್ ಒಂದು ಕೊಳ್ಳಿ, ಬಟ್ಟೆಯ ಸುಕ್ಕು ಕ್ಯಾಮೆರಾದಲ್ಲಿ ಕಣ್ಣಿಗಿಂತ ಜಾಸ್ತಿ ಕಾಣುತ್ತದೆ. ಬೇರೆ ಬೇರೆ ಎತ್ತರದ ಚಿಕ್ಕ ಮರದ ತುಂಡು, ಅಕ್ರಿಲಿಕ್ ತುಂಡುಗಳನ್ನೂ ಕೂಡಿಡುತ್ತಾ ಹೋಗಿ. ಹಿಂದಿನ ಸಾಲಿನ ವಸ್ತುವನ್ನು ಸ್ವಲ್ಪ ಎತ್ತರಿಸಲು ಇವೇ ಬೇಕು. ಫ್ರಾನ್ಸಿನ ಚಿತ್ರಕಾರ ಸೆಜಾನ್ ಕೂಡ ಹಣ್ಣುಗಳ ಕೆಳಗೆ ನಾಣ್ಯ ಇಟ್ಟು ಓರೆ ಮಾಡುತ್ತಿದ್ದ ಅಂತ ಅವನ ಕೆಲಸ ಕಂಡ ಕಿರಿಯ ಚಿತ್ರಕಾರನೊಬ್ಬ ಬರೆದಿಟ್ಟಿದ್ದಾನೆ.

ಗಾಜು, ಸ್ಟೀಲ್ ಇಟ್ಟರೆ ಅದರಲ್ಲಿ ನಾನೇ ಕಾಣ್ತೀನಿ. ಏನು ಮಾಡಲಿ?

ಹೊಳೆಯುವ ವಸ್ತು ಕನ್ನಡಿ ಇದ್ದ ಹಾಗೆ. ಬೆಳಕು ಯಾವ ಕೋನದಲ್ಲಿ ಬಂದು ಬೀಳುತ್ತದೋ ಅದೇ ಕೋನದಲ್ಲಿ ಆಚೆ ಕಡೆಗೆ ಹೊರಡುತ್ತದೆ. ಹಾಗಾಗಿ ಕ್ಯಾಮೆರಾ ಜಾಗದಿಂದ ಆ ವಸ್ತುವಿನಲ್ಲಿ ಏನು ಕಾಣುತ್ತಿದೆ ಅಂತ ನೋಡಿ, ಆ ಜಾಗದಲ್ಲಿ ನಿಮಗೆ ಬೇಕಾದ್ದನ್ನು ನಿಲ್ಲಿಸಿ. ಬಿಳಿ ರಟ್ಟು ನಿಲ್ಲಿಸಿದರೆ ಸ್ಟೀಲ್ ಬೆಳ್ಳಗೆ, ಕಪ್ಪು ನಿಲ್ಲಿಸಿದರೆ ಕಪ್ಪಗೆ. ಬರೀ ಬಿಳಿ ಇಟ್ಟರೆ ಸ್ಟೀಲ್ ಸುಣ್ಣ ಬಳಿದ ಹಾಗೆ ಸಪ್ಪಗಾಗುತ್ತದೆ, ನಡುವೆ ಒಂದು ತೆಳು ಕಪ್ಪು ಪಟ್ಟಿ ಇಟ್ಟರೆ ಆಕಾರ ಬರುತ್ತದೆ. ಗಾಜಿಗೂ ಅಷ್ಟೇ. ಹಿನ್ನೆಲೆ ಬೆಳ್ಳಗಿದ್ದರೆ ಎರಡೂ ಪಕ್ಕ ಚಿತ್ರದ ಹೊರಗೆ ಕಪ್ಪು ರಟ್ಟು ನಿಲ್ಲಿಸಿ, ಲೋಟದ ಅಂಚು ಪೆನ್ನಿನಲ್ಲಿ ಎಳೆದಷ್ಟು ಸ್ಪಷ್ಟ ಆಗುತ್ತದೆ. ಹಿನ್ನೆಲೆ ಕಪ್ಪಾದರೆ ಪಕ್ಕದಲ್ಲಿ ಬಿಳಿ.

ಪೋಲರೈಸರ್ (ಪ್ರತಿಬಿಂಬದ ಹೊಳಪು ತಗ್ಗಿಸುವ ಫಿಲ್ಟರ್) ಹಾಕಿದರೆ ಎಲ್ಲಾ ಹೋಗುತ್ತೆ ಅಂತ ಕೆಲವರು ಹೇಳುತ್ತಾರೆ. ಗಾಜು, ನೀರು, ಪಾಲಿಶ್ ಮರದ ಮೇಲೆ ಅದು ಕೆಲಸ ಮಾಡುತ್ತದೆ. ಬರಿ ಲೋಹದ ಮೇಲೆ ಲೆನ್ಸ್ ಮುಂದಿನ ಪೋಲರೈಸರ್ ಒಂದರಿಂದಲೇ ಹೆಚ್ಚೇನೂ ಆಗುವುದಿಲ್ಲ. ಇದು ಫೋಟೋಗ್ರಾಫರ್ ಕೆಲಸ ಅಂತ ಬಿಟ್ಟುಬಿಡಬೇಡಿ. ವಸ್ತುವನ್ನು ಎರಡು ಡಿಗ್ರಿ ತಿರುಗಿಸಿ ಒಂದು ಪ್ರತಿಬಿಂಬ ತಪ್ಪಿಸುವುದು ಸ್ಟೈಲಿಸ್ಟ್ ಕೈಯಲ್ಲೇ ಇದೆ.

ತಂಪು ಬಾಟಲಿ ಮೇಲೆ ಹನಿ ಹನಿ ನೀರು ಇರುತ್ತಲ್ಲ, ಅದು ಹೇಗೆ ಅಷ್ಟು ಹೊತ್ತು ನಿಲ್ಲುತ್ತೆ?

ಅದು ಬರೀ ನೀರಲ್ಲ. ಗ್ಲಿಸರಿನ್ ಮತ್ತು ನೀರು ಸಮ ಸಮ. ಗ್ಲಿಸರಿನ್ ಆರಿ ಹೋಗುವುದಿಲ್ಲ, ಬಿಸಿ ದೀಪದ ಕೆಳಗೂ ಹನಿ ಗಂಟೆಗಟ್ಟಲೆ ಹಾಗೇ ಕೂತಿರುತ್ತದೆ. ಮೊದಲು ಬಾಟಲಿ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿ, ಬೆರಳಿನ ಗುರುತು ಒಂದೂ ಉಳಿಯದ ಹಾಗೆ ಮಾಡಬೇಕು. ಜಿಡ್ಡು ಇದ್ದ ಕಡೆ ಹನಿಯ ಆಕಾರ ಬೇರೆಯಾಗಿ ಬಿಡುತ್ತದೆ. ಕಾಗದದ ಲೇಬಲ್ ಇದ್ದರೆ ಅದರ ಮೇಲೆ ಪಾರದರ್ಶಕ ವಾರ್ನಿಷ್ ಸ್ಪ್ರೇ ಹೊಡೆದು ಒಣಗಿಸಿ, ಇಲ್ಲದಿದ್ದರೆ ಅದು ಒದ್ದೆಯಾಗಿ ಉಬ್ಬುತ್ತದೆ. ಆಮೇಲೆ ಒಂದು ವಿಷಯ ಗಮನಿಸಿ: ನಿಜವಾದ ತಂಪು ಬಾಟಲಿಯಲ್ಲಿ ಹನಿ ಕಟ್ಟುವುದು ಒಳಗೆ ತಣ್ಣನೆಯ ದ್ರವ ಇರುವಷ್ಟು ಎತ್ತರಕ್ಕೆ. ಹಾಗಾಗಿ ಅದಕ್ಕಿಂತ ಮೇಲಿನ ಕತ್ತಿನ ಭಾಗಕ್ಕೆ ಟೇಪ್ ಸುತ್ತಿ ಮುಚ್ಚಿ, ಆಮೇಲೆ ಸ್ಪ್ರೇ ಮಾಡಿ. ನೋಡುವವರಿಗೆ ಇದು ಬಾಯಲ್ಲಿ ಹೇಳಲು ಬರುವುದಿಲ್ಲ, ಆದರೆ ಮೇಲೆಲ್ಲಾ ಹನಿ ಇದ್ದರೆ ಏನೋ ಸುಳ್ಳು ಅನಿಸುತ್ತದೆ.

ದೂರದಿಂದ ಸ್ಪ್ರೇ ಮಾಡಿದರೆ ಮಂಜು, ಹತ್ತಿರದಿಂದ ಮಾಡಿದರೆ ದಪ್ಪ ಹನಿ. ಹಳೇ ಹಲ್ಲುಜ್ಜುವ ಬ್ರಷ್ ಅದ್ದಿ ಬೆರಳಲ್ಲಿ ಚಿಮ್ಮಿದರೆ ಚಿಕ್ಕದು ದೊಡ್ಡದು ಕಲಸಿ ಬರುತ್ತದೆ, ನನಗೆ ಅದೇ ಇಷ್ಟ. ಹರಿದು ಇಳಿಯುವ ಒಂದೇ ಒಂದು ಹನಿ ಬೇಕಾದರೆ ಸಿರಿಂಜ್‌ನಲ್ಲಿ ಇಡಿ. ಟೇಪ್ ಬಿಚ್ಚುವಾಗ ಬಾಟಲಿಯನ್ನು ಬಾಯಿ ಹತ್ತಿರ ಮಾತ್ರ ಹಿಡಿಯಿರಿ. ಮೈ ಮುಟ್ಟಿದರೆ ಮೊದಲಿಂದ ಶುರು.

ಇದೆಲ್ಲ ಜನರಿಗೆ ಮೋಸ ಮಾಡಿದ ಹಾಗಲ್ವಾ?

ಈ ಪ್ರಶ್ನೆ ಕೇಳುವವರ ಬಗ್ಗೆ ನನಗೆ ಗೌರವ ಇದೆ. ಮಾರುತ್ತಿರುವುದು ಏನು ಅನ್ನುವುದರ ಮೇಲೆ ಗೆರೆ ಎಳೆಯಬೇಕು. ಬಾಟಲಿ ಹೊರಗಿನ ಹನಿ ಯಾರೂ ಕೊಳ್ಳುವ ವಸ್ತುವಲ್ಲ. ಆದರೆ ಒಳಗಿನ ಸರಕು ಇರುವುದಕ್ಕಿಂತ ಜಾಸ್ತಿ ಇದೆ, ಬೇರೆ ಬಣ್ಣದ್ದಿದೆ ಅಂತ ತೋರಿಸಿದರೆ ಅದು ಮೋಸವೇ. ಅಮೆರಿಕದಲ್ಲಿ ಒಂದು ಸೂಪ್ ಜಾಹೀರಾತಿನಲ್ಲಿ ಬಟ್ಟಲಿನ ತಳಕ್ಕೆ ಗಾಜಿನ ಗೋಲಿ ಹಾಕಿದ್ದರು, ತರಕಾರಿ ಮೇಲೆ ತೇಲಿ ತುಂಬಾ ಇದೆ ಅನ್ನಿಸಲಿ ಅಂತ. 1970ರ ಸುಮಾರಿಗೆ ಅಲ್ಲಿನ ವ್ಯಾಪಾರ ಆಯೋಗ ಅದನ್ನು ತಡೆಯಿತು. ಗೋಲಿ ಹಾಕುವಂಥ ಕೆಲಸ ಹೇಳಿದರೆ ಒಪ್ಪಬೇಡಿ, ಯಾಕೆ ಅಂತ ಮೆಲ್ಲಗೆ ವಿವರಿಸಿ. ಒಪ್ಪದ ಕ್ಲೈಂಟ್‌ನ ಬಿಟ್ಟರೂ ನಷ್ಟ ಇಲ್ಲ.

ಎಲ್ಲಾ ಚಂದ ಜೋಡಿಸಿದೀನಿ, ಕಣ್ಣಿಗೆ ಚೆನ್ನಾಗಿದೆ, ಫೋಟೋದಲ್ಲಿ ಮಾತ್ರ ಸತ್ತ ಹಾಗಿದೆ. ಯಾಕೆ?

ಯಾಕೆಂದರೆ ನೀವು ಎರಡು ಕಣ್ಣಲ್ಲಿ, ನಿಂತುಕೊಂಡು, ಸ್ವಲ್ಪ ಆಚೀಚೆ ಆಡುತ್ತಾ ನೋಡಿ ಜೋಡಿಸಿದ್ದೀರಿ. ಕ್ಯಾಮೆರಾಕ್ಕೆ ಒಂದೇ ಕಣ್ಣು, ಅದು ಅಲುಗಾಡುವುದಿಲ್ಲ. ಮೊದಲು ಕ್ಯಾಮೆರಾ ಕೂರಿಸಿ, ಸ್ಕ್ರೀನ್ ನೋಡುತ್ತಾ ಜೋಡಿಸಿ. ಬಹುತೇಕ ಸಲ ತೊಂದರೆ ಇರುವುದು ಅಂಚುಗಳಲ್ಲಿ. ಎರಡು ವಸ್ತುಗಳ ಅಂಚು ಒಂದಕ್ಕೊಂದು ಸರಿಯಾಗಿ ತಾಗಿ ನಿಂತರೆ ಎರಡೂ ಅಂಟಿಕೊಂಡ ಹಾಗೆ ಕಾಣುತ್ತವೆ. ಒಂದೋ ಸರಿಯಾಗಿ ಮರೆಮಾಡಿ, ಇಲ್ಲವೇ ನಡುವೆ ಗಾಳಿಯಾಡುವಷ್ಟು ಜಾಗ ಬಿಡಿ. ಹೂಜಿಯ ಬಾಯಿ ಹಿಂದಿನ ಮೇಜಿನ ಗೆರೆಗೆ ಸರಿಯಾಗಿ ಬಂದು ನಿಂತರೂ ಇದೇ ಗತಿ.

ಇದಾದ ಮೇಲೂ ಸರಿಹೋಗದಿದ್ದರೆ ಒಂದು ವಸ್ತು ತೆಗೆದುಬಿಡಿ. ಯಾವುದನ್ನು ತೆಗೆಯಬೇಕು ಅಂತ ಗೊತ್ತಾಗದಿದ್ದರೆ, ನೀವು ತುಂಬಾ ಕಷ್ಟಪಟ್ಟು ಹುಡುಕಿ ತಂದಿದ್ದನ್ನೇ ಮೊದಲು ತೆಗೆದು ನೋಡಿ. ಅದರ ಮೇಲಿನ ಪ್ರೀತಿಗೆ ಅದು ಅಲ್ಲಿ ಕೂತಿರುವ ಸಾಧ್ಯತೆ ಜಾಸ್ತಿ.

ವಾಚ್ ಜಾಹೀರಾತಲ್ಲಿ ಯಾವಾಗಲೂ ಹತ್ತು ಗಂಟೆ ಹತ್ತು ನಿಮಿಷ ಯಾಕೆ?

ಹನ್ನೆರಡರ ಕೆಳಗೆ ಕಂಪನಿ ಹೆಸರು ಇರುತ್ತದೆ, ಎರಡು ಮುಳ್ಳೂ ಅದಕ್ಕೆ ಅಡ್ಡ ಬರದೆ ಎರಡು ಪಕ್ಕ ತೆರೆದುಕೊಳ್ಳುತ್ತವೆ, ಮುಖ ಸಮವಾಗಿ ಕಾಣುತ್ತದೆ. ಸೆಕೆಂಡ್ ಮುಳ್ಳು ಸಾಮಾನ್ಯವಾಗಿ 35ರ ಹತ್ತಿರ. ಕೆಲವು ಕಂಪನಿಗಳು ತಮ್ಮದೇ ನಿಮಿಷ ಬರೆದು ಕೊಡುತ್ತವೆ. ಹೀಗೆ ಪ್ರತಿ ಸರಕಿಗೂ ಒಂದು ರೂಢಿ ಇದೆ, ಶೂಟ್‌ಗೆ ಮುಂಚೆ ಕೇಳಿಕೊಳ್ಳಿ.

## ಕೆಲಸ ಹುಡುಕುವಾಗ

ಯಾರ ಹತ್ರನೂ ಅಸಿಸ್ಟೆಂಟ್ ಆಗದೆ ನೇರ ಶುರು ಮಾಡಬಹುದಾ?

ಮಾಡಬಹುದು, ಆದರೆ ಅಸಿಸ್ಟೆಂಟ್ ಆಗುವುದೇ ಒಳ್ಳೆಯದು ಅಂತ ನನ್ನ ಗಟ್ಟಿ ಅಭಿಪ್ರಾಯ. ವಸ್ತು ಜೋಡಿಸುವುದನ್ನು ಒಬ್ಬರೇ ಕೂತು ಕಲಿಯಬಹುದು. ಹತ್ತು ಜನ ಇರುವ ಸೆಟ್‌ನಲ್ಲಿ ಯಾರ ಮಾತು ಕೊನೆಯದು, ಯಾವಾಗ ಸುಮ್ನೆ ಇರಬೇಕು, ಬಾಡಿಗೆಗೆ ತಂದದ್ದಕ್ಕೆ ಹೇಗೆ ಲೆಕ್ಕ ಇಡಬೇಕು, ಮೂರನೇ ಚಿತ್ರ ನಡೆಯುತ್ತಿರುವಾಗಲೇ ನಾಲ್ಕನೆಯದರ ಸಾಮಾನು ಹೇಗೆ ಸಿದ್ಧ ಮಾಡಬೇಕು, ಇದನ್ನೆಲ್ಲ ಕಲಿಯಲು ಇನ್ನೊಬ್ಬರ ಪಕ್ಕದಲ್ಲೇ ನಿಂತಿರಬೇಕು. ಒಳ್ಳೆಯ ಅಸಿಸ್ಟೆಂಟ್‌ಗೆ ಮುಂದೆ ಕೆಲಸ ಬರುವುದೂ ಅಲ್ಲಿಂದಲೇ. ಸ್ಟೈಲಿಸ್ಟ್‌ಗೆ ಒಂದು ತಾರೀಖು ಆಗದಿದ್ದಾಗ ಅವರು ಹೇಳುವ ಮೊದಲ ಹೆಸರು ಅಸಿಸ್ಟೆಂಟ್‌ದೇ ಆಗಿರುತ್ತದೆ.

ಪೋರ್ಟ್‌ಫೋಲಿಯೊದಲ್ಲಿ ಎಷ್ಟು ಚಿತ್ರ ಇರಬೇಕು?

ಹದಿನೈದು, ಇಪ್ಪತ್ತು ಸಾಕು. ನೋಡುವವರು ಮೊದಲ ಮೂರಕ್ಕೇ ಅರ್ಧ ತೀರ್ಮಾನ ಮಾಡಿರುತ್ತಾರೆ. ನಿಮಗೆ ಎಂಥ ಕೆಲಸ ಬೇಕೋ ಅಂಥದ್ದನ್ನೇ ಇಡಿ. ಬರುವ ಕೆಲಸ ಹಿಂದೆ ಮಾಡಿದ ಕೆಲಸದ ರೂಪದಲ್ಲೇ ಬರುತ್ತದೆ, ಆಭರಣದ ಕೆಲಸ ಬೇಕು ಅಂದು ಬರೀ ಸೋಪಿನ ಚಿತ್ರ ತೋರಿಸಿದರೆ ಮತ್ತೆ ಸೋಪೇ ಬರುತ್ತದೆ. ಒಂದು ಕಪ್ಪು ಹಿನ್ನೆಲೆಯದ್ದು, ಒಂದು ಬಟ್ಟೆಯದ್ದು, ಒಂದು ಗಾಜಿನದ್ದು, ಒಂದು ತುಂಬಾ ಚಿಕ್ಕ ವಸ್ತುವಿನದ್ದು ಇರಲಿ. ಒಂದು ಚಿತ್ರ ಬರೀ ಒಂದೇ ವಸ್ತುವಿನದ್ದಾಗಿದ್ದು, ನೋಡುವವರನ್ನು ಅದೇ ಹಿಡಿದು ನಿಲ್ಲಿಸುವ ಹಾಗಿದ್ದರೆ ಅದಕ್ಕೆ ತುಂಬಾ ಬೆಲೆ ಇದೆ.

ಟೆಸ್ಟ್ ಶೂಟ್ ಅಂತ ದುಡ್ಡಿಲ್ಲದೆ ಕರೀತಾರೆ. ಹೋಗಬೇಕಾ?

ಫೋಟೋಗ್ರಾಫರ್, ಸ್ಟೈಲಿಸ್ಟ್ ಇಬ್ಬರೂ ತಮ್ಮ ಪೋರ್ಟ್‌ಫೋಲಿಯೊಗೆ ಅಂತ, ಖರ್ಚು ಹಂಚಿಕೊಂಡು, ಇಬ್ಬರಿಗೂ ಇಷ್ಟವಾದದ್ದನ್ನು ಮಾಡಿದರೆ ಅದು ಟೆಸ್ಟ್. ಹೋಗಿ, ಖುಷಿಯಿಂದ ಹೋಗಿ. ಒಂದು ಕಂಪನಿ ತನ್ನ ಸರಕು ಕಳಿಸಿ ಚಿತ್ರವನ್ನು ಮಾರಾಟಕ್ಕೆ ಬಳಸಿಕೊಳ್ಳುವುದಾದರೆ ಅದು ಕೆಲಸ, ಹೆಸರು ಏನೇ ಇಟ್ಟಿರಲಿ. ಕೆಲಸಕ್ಕೆ ದುಡ್ಡು ಕೇಳಿ.

ಯಾರಿಗೆ ಮೆಸೇಜ್ ಮಾಡಬೇಕು? ಏನು ಬರೀಬೇಕು?

ಕಂಪನಿಗಿಂತ ಮುಂಚೆ ಫೋಟೋಗ್ರಾಫರ್‌ಗಳಿಗೆ ಬರೆಯಿರಿ. ಸ್ಟೈಲಿಸ್ಟ್ ಯಾರು ಅಂತ ಹೇಳುವುದು ಬಹಳ ಸಲ ಅವರೇ. ಅವರ ಯಾವ ಚಿತ್ರ ಯಾಕೆ ಹಿಡಿಸಿತು ಅಂತ ಒಂದು ಸಾಲು, ನಿಮ್ಮ ಮೂರು ಚಿತ್ರ, ಒಂದು ಟೆಸ್ಟ್‌ಗೆ ನಿಮ್ಮ ಹತ್ತಿರ ಇರುವ ಒಂದು ಐಡಿಯಾ. ಅಷ್ಟೇ. ಉತ್ತರ ಬರದಿದ್ದರೆ ಬೇಜಾರಾಗಬೇಡಿ, ಹೊಸ ಚಿತ್ರ ಆದಾಗ ಮತ್ತೆ ಬರೆಯಿರಿ.

## ದುಡ್ಡು, ಲೆಕ್ಕ, ಕಾಗದ

ಶೂಟ್ ಒಂದೇ ದಿನ ಇದ್ದರೆ ಒಂದೇ ದಿನದ ದುಡ್ಡು ತಗೋಬೇಕಾ?

ಇಲ್ಲ. ಹೊಸಬರು ಜಾಸ್ತಿ ಕಳೆದುಕೊಳ್ಳುವುದು ಇಲ್ಲೇ. ತಯಾರಿಯ ದಿನ, ಶೂಟ್ ದಿನ, ವಾಪಸ್ ಕೊಡುವ ದಿನ, ಮೂರನ್ನೂ ಕೊಟೇಶನ್‌ನಲ್ಲಿ ಬೇರೆ ಬೇರೆ ಸಾಲಾಗಿ ಬರೆಯಿರಿ. ಅಸಿಸ್ಟೆಂಟ್ ಸಂಬಳ, ಸಾಮಾನು ಸಾಗಿಸುವ ಖರ್ಚು, ಕಿಟ್‌ನಲ್ಲಿ ಖರ್ಚಾಗುವ ಟೇಪ್, ಬಣ್ಣ, ಮೇಣಕ್ಕೆ ಒಂದು ಮೊತ್ತ, ಇಷ್ಟು ಗಂಟೆ ಮೀರಿದರೆ ಓವರ್‌ಟೈಮ್, ಕೊನೇ ಗಳಿಗೆಯಲ್ಲಿ ರದ್ದಾದರೆ ಎಷ್ಟು ಕೊಡಬೇಕು, ಎಲ್ಲವೂ ಇರಲಿ. ಒಂದೇ ಮೊತ್ತ ಬರೆದರೆ ಕ್ಲೈಂಟ್ ಅದನ್ನೇ ಇಳಿಸಿ ಅನ್ನುತ್ತಾರೆ. ಸಾಲಾಗಿ ಬರೆದರೆ, ಬಜೆಟ್ ಕಮ್ಮಿ ಅಂದಾಗ ಚಿತ್ರಗಳ ಸಂಖ್ಯೆ ಇಳಿಸೋಣವಾ, ಸೆಟ್ ಸರಳ ಮಾಡೋಣವಾ ಅಂತ ಮಾತಾಡಲು ದಾರಿ ಇರುತ್ತದೆ.

ಪ್ರಾಪ್‌ಗೆ ದುಡ್ಡು ನಾನೇ ಹಾಕಿ ಆಮೇಲೆ ತಗೋಬೇಕಾ?

ಬೇಡ. ಪ್ರಾಪ್ ಬಜೆಟ್ ನಿಮ್ಮ ಸಂಭಾವನೆಯಿಂದ ಬೇರೆ, ಅದನ್ನು ಅಡ್ವಾನ್ಸ್ ಆಗಿ ಕೇಳಿ. ಬಿಲ್ ಎಲ್ಲವನ್ನೂ ಫೋಟೋ ತೆಗೆದಿಟ್ಟು, ಶೂಟ್ ಮುಗಿದ ಮೇಲೆ ಉಳಿದದ್ದನ್ನು ಲೆಕ್ಕ ಸಮೇತ ಒಪ್ಪಿಸಿ. ಲೆಕ್ಕ ಚೊಕ್ಕ ಇಡುವ ಸ್ಟೈಲಿಸ್ಟ್‌ನ ಪ್ರೊಡಕ್ಷನ್‌ನವರು ಮರೆಯುವುದಿಲ್ಲ.

ಬಾಡಿಗೆ ಸಾಮಾನು ಒಡೆದರೆ ಯಾರು ಕೊಡಬೇಕು?

ಕಾಗದದಲ್ಲಿ ಬರೆದ ಹಾಗೆ. ಅದಕ್ಕೇ ಮುಂಚೆಯೇ ಬರೆಸಿಕೊಳ್ಳಿ. ಸಾಮಾನು ತರುವಾಗಲೇ ಎಲ್ಲಾ ಪಕ್ಕದಿಂದ ಫೋಟೋ ತೆಗೆದಿಟ್ಟುಕೊಳ್ಳಿ, ಹಳೇ ಬಿರುಕು ನಿಮ್ಮ ತಲೆಗೆ ಬರಬಾರದು. ದುಬಾರಿ ಆಭರಣ, ಗಡಿಯಾರ ಆದರೆ ಇನ್ಶೂರೆನ್ಸ್ ಕ್ಲೈಂಟ್‌ದೇ ಅಂತ ಖಚಿತ ಮಾಡಿಕೊಂಡು ಆಮೇಲೆ ಮುಟ್ಟಿ.

ಮಾಡಿದ ಚಿತ್ರ ನಾನು ನನ್ನ ಪೇಜ್‌ನಲ್ಲಿ ಹಾಕಬಹುದಾ?

ಜೋಡಿಸಿದ್ದು ನೀವೇ ಆದರೂ ಚಿತ್ರದ ಹಕ್ಕು ಸಾಮಾನ್ಯವಾಗಿ ಫೋಟೋಗ್ರಾಫರ್‌ದೋ ಕ್ಲೈಂಟ್‌ದೋ ಆಗಿರುತ್ತದೆ, ಒಪ್ಪಂದ ಮತ್ತು ಆಯಾ ದೇಶದ ಕಾನೂನಿನ ಮೇಲೆ ಹೋಗುತ್ತದೆ. ಜಾಹೀರಾತು ಹೊರಬಂದ ಮೇಲೆ ಪೋರ್ಟ್‌ಫೋಲಿಯೊದಲ್ಲಿ ಬಳಸುತ್ತೇನೆ ಅನ್ನುವ ಒಂದು ಸಾಲು ಕೊಟೇಶನ್‌ನಲ್ಲೇ ಸೇರಿಸಿ. ಸರಕು ಮಾರುಕಟ್ಟೆಗೆ ಬರುವ ಮುಂಚೆ ಸೆಟ್‌ನ ಫೋಟೋ ಕೂಡ ಹಾಕಬೇಡಿ.

## ಕೆಲ ವರ್ಷ ಆದ ಮೇಲೆ

ನನ್ನದೇ ಅಂತ ಒಂದು ಸ್ಟೈಲ್ ಬರೋದು ಹೇಗೆ?

ಬೇರೆ ಸ್ಟೈಲಿಸ್ಟ್‌ಗಳ ಚಿತ್ರ ನೋಡುವುದನ್ನು ಸ್ವಲ್ಪ ಕಮ್ಮಿ ಮಾಡಿ. ಎಲ್ಲರೂ ಅದದೇ ಚಿತ್ರ ಉಳಿಸಿಕೊಂಡು ಮೂಡ್ ಬೋರ್ಡ್ (ಶೂಟ್ ಹೇಗಿರಬೇಕು ಅಂತ ತೋರಿಸುವ ಮಾದರಿ ಚಿತ್ರಗಳ ಜೋಡಣೆ) ಮಾಡಿದರೆ ಎಲ್ಲರ ಸೆಟ್‌ನಲ್ಲೂ ಅದೇ ಕಮಾನು, ಅದೇ ಮೆಟ್ಟಿಲು, ಅದೇ ಮಸುಕು ಗುಲಾಬಿ. ವಸ್ತುಗಳನ್ನೇ ನೋಡಿ. ಹಳೇ ಕಬ್ಬಿಣ ಹೇಗೆ ತುಕ್ಕು ಹಿಡಿಯುತ್ತದೆ, ಮಡಚಿಟ್ಟ ಕಾಗದ ಬಿಚ್ಚಿದಾಗ ಹೇಗೆ ನಿಲ್ಲುತ್ತದೆ. ಕ್ಲಾರಾ ಪೀಟರ್ಸ್ ಅನ್ನುವ ಚಿತ್ರಕಾರ್ತಿ ಹದಿನೇಳನೇ ಶತಮಾನದ ಶುರುವಿನಲ್ಲಿ ಲೋಹದ ಬಟ್ಟಲು, ಹೂಜಿಗಳ ಹೊಳಪಿನಲ್ಲಿ ತನ್ನದೇ ಮುಖವನ್ನು ಪುಟ್ಟದಾಗಿ, ಬೇಕೆಂದೇ ಬರೆದಳು. ಲೋಹದ ಹೊಳಪನ್ನು ಅಷ್ಟು ಹತ್ತಿರದಿಂದ ನೋಡಿದವಳಿಗೆ ಮಾತ್ರ ಅದು ಹೊಳೆದೀತು. ವರ್ಷಕ್ಕೆ ಕೆಲವು ಚಿತ್ರವಾದರೂ ಯಾರೂ ಕೇಳದೆ, ನಿಮಗಾಗಿ ಮಾಡಿ. ಕೆಲವು ವರ್ಷದ್ದನ್ನು ಒಟ್ಟಿಗೆ ಹರಡಿ ನೋಡಿದಾಗ ಮತ್ತೆ ಮತ್ತೆ ಬರುವ ಒಂದು ಬಣ್ಣ, ಒಂದು ಓರೆ, ಒಂದು ಬಗೆಯ ಖಾಲಿ ಜಾಗ ಕಾಣುತ್ತದೆ. ಅದನ್ನು ಹಿಡಿದುಕೊಂಡು ಮುಂದೆ ಹೋಗಿ.

ಎಲ್ಲಾ ಆದ ಮೇಲೆ ಕ್ಲೈಂಟ್ ಬಂದು 'ಏನೋ ಸರಿಯಿಲ್ಲ' ಅಂತಾರೆ. ತಡೆಯೋಕಾಗಲ್ಲ.

ಏನು ಸರಿಯಿಲ್ಲ ಅಂತ ಹೇಳಲು ಅವರಿಗೆ ಮಾತು ಸಿಗುತ್ತಿಲ್ಲ, ಆದರೆ ಅವರಿಗೆ ಕಂಡಿದ್ದು ಸುಳ್ಳಾಗಿರಬೇಕಿಲ್ಲ. ಬಣ್ಣವಾ, ತುಂಬಿದ್ದು ಜಾಸ್ತಿ ಆಯಿತಾ, ಸರಕು ಚಿಕ್ಕದಾಗಿ ಕಾಣುತ್ತಿದೆಯಾ ಅಂತ ಒಂದೊಂದಾಗಿ ಕೇಳಿ. ಈಗಿನ ಜೋಡಣೆಯನ್ನು ಹಾಗೇ ಒಂದು ಫ್ರೇಮ್ ತೆಗೆಸಿಡಿ, ಆಮೇಲೆ ಒಂದು ಬದಲಾವಣೆ ಮಾಡಿ, ಎರಡನ್ನೂ ಪಕ್ಕಪಕ್ಕ ತೋರಿಸಿ. ಬಹಳ ಸಲ ಅವರೇ ಮೊದಲಿನದ್ದಕ್ಕೆ ವಾಪಸ್ ಬರುತ್ತಾರೆ. ಅದಕ್ಕೇ ತಯಾರಿಯಲ್ಲೇ ಪ್ರತಿ ಚಿತ್ರಕ್ಕೂ ಇನ್ನೊಂದು ಹಿನ್ನೆಲೆ, ಇನ್ನೆರಡು ಪ್ರಾಪ್ ಕೈಗೆಟುಕುವ ಹಾಗೆ ಇಟ್ಟಿರಬೇಕು.

ಎಐ, ತ್ರೀಡಿ ಎಲ್ಲಾ ಬಂತು. ಇನ್ನು ಈ ಕೆಲಸ ಉಳಿಯುತ್ತಾ?

ಒಂದು ಭಾಗ ಈಗಾಗಲೇ ಹೋಗಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ಬಿಳಿ ಹಿನ್ನೆಲೆಯಲ್ಲಿ ಒಂದೇ ಸರಕಿನ ಹತ್ತು ಬಣ್ಣ ಬೇಕು ಅಂದರೆ ಕಂಪ್ಯೂಟರ್‌ನಲ್ಲೇ ಮಾಡಿಸುತ್ತಾರೆ. ಪೀಠೋಪಕರಣ ಮಾರುವ ಐಕಿಯಾ ಕಂಪನಿಯ ಪ್ರಾಡಕ್ಟ್ ಚಿತ್ರಗಳಲ್ಲಿ ಹೆಚ್ಚಿನವು 2014ರ ಹೊತ್ತಿಗೇ ಕಂಪ್ಯೂಟರ್‌ನಲ್ಲಿ ಮಾಡಿದವಾಗಿದ್ದವು. ಆದರೆ ಅದೇ ಕಂಪನಿ ಅಲ್ಲಿಗೆ ತಲುಪುವ ದಾರಿಯಲ್ಲಿ ತನ್ನ ತ್ರೀಡಿ ಕಲಾವಿದರಿಗೆ ಫೋಟೋಗ್ರಫಿಯನ್ನೂ, ಫೋಟೋಗ್ರಾಫರ್‌ಗಳಿಗೆ ತ್ರೀಡಿಯನ್ನೂ ಕಲಿಸಿತು, ಚಿತ್ರ ಚೆನ್ನಾಗಾಗಿದ್ದು ಅದಾದ ಮೇಲೆ. ಬಟ್ಟೆ ಹೇಗೆ ಬೀಳಬೇಕು, ಮೇಜಿನ ಮೇಲೆ ಎಷ್ಟು ಅಸ್ತವ್ಯಸ್ತ ಇದ್ದರೆ ಜೀವ ಬರುತ್ತದೆ ಅನ್ನುವುದು ಯಾವ ಸಾಫ್ಟ್‌ವೇರ್‌ನಲ್ಲೂ ಒಬ್ಬರು ಹೇಳಬೇಕಾದ ಮಾತೇ. ತ್ರೀಡಿ ತಂಡಗಳ ಜೊತೆ ಸ್ಟೈಲಿಸ್ಟ್ ಆಗಿ ಕೆಲಸ ಮಾಡುವುದು ಈಗ ಒಂದು ದಾರಿ, ಅದರ ಬೇಸಿಕ್ಸ್ ಕಲಿತಿಡಿ. ಸರಕು ನಿಜವಾಗಿ ಹೇಗಿದೆ ಅಂತ ನಂಬಿಕೆ ಬರಬೇಕಾದ ಕಡೆ, ವಸ್ತುವಿನ ಮೈಯೇ ಮುಖ್ಯವಾದ ಕಡೆ ಇನ್ನೂ ಕೈಯಲ್ಲೇ ಜೋಡಿಸುತ್ತಾರೆ.

ಇಡೀ ದಿನ ಬಗ್ಗಿ ಬಗ್ಗಿ ಬೆನ್ನು ಹೋಗ್ತಿದೆ. ನಿಮಗೆಲ್ಲ ಹೀಗೇ ಆಗುತ್ತಾ?

ಆಗುತ್ತದೆ. ಮೇಜನ್ನು ಸೊಂಟದ ಎತ್ತರಕ್ಕೆ ಏರಿಸಿ, ಎತ್ತರ ಬದಲಿಸಲು ಬರುವ ಕಾಲುಗಳನ್ನು ಕೇಳಿ ತರಿಸಿಕೊಳ್ಳಿ. ಸ್ಕ್ರೀನ್ ನೋಡಲು ಪ್ರತಿ ಸಲ ತಿರುಗಬೇಕಾಗದ ಹಾಗೆ ನಿಮ್ಮ ಎದುರಿಗೇ ಎರಡನೆಯದೊಂದು ಇಡಿಸಿ. ಕಲ್ಲಿನ ಹಲಗೆ, ದೊಡ್ಡ ಕುಂಡ ಒಬ್ಬರೇ ಎತ್ತಬೇಡಿ. ಕಲ್ಲು ಬೇಕಾದಾಗ ಕಲ್ಲಿನ ಮೇಲ್ಮೈಯ ಹಾಗೆ ಬಣ್ಣ ಬಳಿದ ತೆಳು ಹಲಗೆ ಬಹಳ ಕಡೆ ಸಾಕಾಗುತ್ತದೆ, ಹತ್ತಿರದ ಚಿತ್ರ ಅಲ್ಲದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬಣ್ಣ, ಅಂಟು ಸ್ಪ್ರೇ ಮಾಡುವಾಗ ಹೊರಗೆ ಹೋಗಿ, ಮಾಸ್ಕ್ ಹಾಕಿ. ನೋವು ವಾರಗಟ್ಟಲೆ ಉಳಿದರೆ ಡಾಕ್ಟರ್‌ಗೆ ತೋರಿಸಿ, ಮುಂದಿನ ಶೂಟ್ ಆದ ಮೇಲೆ ನೋಡೋಣ ಅಂತ ಮುಂದೂಡಬೇಡಿ.